ಅಂಗಳದಿಂದ ಪಂಪುಶೆಡ್ಡಿಗೆ ಕ್ಯಾಮರಾದ ತಂತಿ

ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿದರೆ ಚೆನ್ನಾಗಿ ಒಣಗಲು 40 ದಿನಗಳಾದರೂ ಬೇಕು. ಅಷ್ಟೂ ದಿನ ನಮ್ಮ ವರ್ಷದ ದುಡಿಮೆ ಬಯಲಿನಲ್ಲೇ ಬಿದ್ದಿರುತ್ತದೆ. ಕಾಸರಗೋಡಿನ ಈ ಸೀಮೆಯಲ್ಲಿ ಮನೆಗಳು ಒಂದಕ್ಕೊಂದು ಒತ್ತಾಗಿಲ್ಲ. ಮನೆ ಗುಡ್ಡೆಯ ಬದಿಗೆ, ತೋಟ ಕೆಳಗೆ, ಪಂಪುಶೆಡ್ಡು ತೋಡಿನ ಕರೆಗೆ. ಮಕ್ಕಳು ಪರವೂರಿನಲ್ಲಿರುವ ಮನೆಗಳಲ್ಲಿ ರಾತ್ರಿ ಕಾವಲಿಗೆ ಯಾರನ್ನು ನಿಲ್ಲಿಸುವುದು? ಆದುದರಿಂದಲೇ ಕೃಷಿಕರು ಕ್ಯಾಮರಾ ಹಾಕಿಸತೊಡಗಿದ್ದಾರೆ. ಕ್ಯಾಮರಾ ಯಾವುದೆಂದು ಹತ್ತು ಜನರಲ್ಲಿ ವಿಚಾರಿಸುವ ನಾವು, ಅದಕ್ಕೆ ಹೋಗುವ ತಂತಿಯ ಬಗ್ಗೆ ಒಬ್ಬರಲ್ಲೂ ಕೇಳುವುದಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ನಾವು ಎಡವಿದ್ದನ್ನೇ ಮೊದಲು ಹೇಳುತ್ತೇವೆ. ಮನೆಯಿಂದ ಕೆಳಗಿನ ಅಂಗಳದ ಮೂಲೆಗೆ ತಂತಿ ಎಳೆದರೆ 50 ಮೀಟರ್. ಹಾಕಲು ಬಂದವರು ಮನೆಯೊಳಗೆ 12 ವೋಲ್ಟಿನ ಅಡಾಪ್ಟರ್ ಇಟ್ಟು, ಚಿತ್ರವನ್ನೂ ವಿದ್ಯುತ್ತನ್ನೂ ಒಂದೇ ಕೇಬಲಿನಲ್ಲಿ ಕಳುಹಿಸಿದರು. ಹಗಲೆಲ್ಲ ಚಿತ್ರ ಸ್ವಚ್ಛವಾಗಿತ್ತು. ಮುಸ್ಸಂಜೆಯಾದೊಡನೆ ಕ್ಯಾಮರಾ ಆರುವುದು, ಮತ್ತೆ ಹೊತ್ತುವುದು, ಮತ್ತೆ ಆರುವುದು. ಕಳ್ಳನಿಗೆ ಬೇಕಾದ ಹೊತ್ತಿಗೇ ಕಾವಲುಗಾರನಿಗೆ ನಿದ್ದೆ!

ಕಾರಣ ಇಷ್ಟೇ. ಕತ್ತಲಾದಾಗ ಕ್ಯಾಮರಾದೊಳಗಿನ ಇನ್‌ಫ್ರಾರೆಡ್ ದೀಪಗಳು ಉರಿಯತೊಡಗುತ್ತವೆ. ಹಗಲು 3 ವ್ಯಾಟ್ ಸಾಕಾಗುವ ಕ್ಯಾಮರಾಕ್ಕೆ ಆಗ 6 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. 12 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರ್. ಕೇಬಲಿನ ಎಂಟು ಎಳೆಗಳಲ್ಲಿ ಎರಡು ಎಳೆ ಹೋಗಲು, ಎರಡು ಎಳೆ ಬರಲು ಬಳಸಿದರೆ, 50 ಮೀಟರ್ ತಾಮ್ರದಲ್ಲಿ ಹೋಗಿಬರುವ ದಾರಿಯ ತಡೆ ಹೆಚ್ಚೆಂದರೆ 4.7 ಓಮ್. ಅಲ್ಲಿಗೆ 2.3 ವೋಲ್ಟು ದಾರಿಯಲ್ಲೇ ಇಂಗಿತು. ವೋಲ್ಟು ಇಳಿದಂತೆ ಕ್ಯಾಮರಾ ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದಂತೆ ವೋಲ್ಟು ಇನ್ನಷ್ಟು ಇಳಿಯುತ್ತದೆ. ನಮ್ಮಲ್ಲಿ ಇನ್ನೊಂದು ಕೇಡೂ ಇತ್ತು. ಎಳೆಯನ್ನು ಚೂರಿಯಿಂದ ಕೆರೆದು ನೋಡಿದಾಗ ಕೆಂಪಿನ ಅಡಿಯಲ್ಲಿ ಬಿಳಿ ಕಂಡಿತು. ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ತಡೆ ತಾಮ್ರದ ಒಂದೂವರೆ ಪಟ್ಟಿಗೂ ಮಿಕ್ಕಿ. ಬೆಲೆ ಕಡಿಮೆಯೆಂದು ಕೊಂಡ ತಪ್ಪು ನಮ್ಮದೇ. ಅಂಗಡಿಯಲ್ಲಿಯೇ ಒಂದು ಎಳೆಯನ್ನು ಕೆರೆದು ನೋಡಲು ಸಂಕೋಚಪಡಬಾರದು.

ಇದಕ್ಕೆ ಮದ್ದೆಂದರೆ ವಿದ್ಯುತ್ತನ್ನು ಹೆಚ್ಚಿನ ವೋಲ್ಟಿನಲ್ಲಿ ಕಳುಹಿಸುವುದು. ಪಿ.ಒ.ಇ. ಸ್ವಿಚ್ಚು ಎಂಬ ಪೆಟ್ಟಿಗೆ ಚಿತ್ರದ ಕೇಬಲಿನಲ್ಲೇ ಸುಮಾರು 48 ವೋಲ್ಟು ಕಳುಹಿಸುತ್ತದೆ. ಅದೇ 6 ವ್ಯಾಟಿಗೆ ಆಗ 0.125 ಆಂಪಿಯರ್ ಸಾಕು. 100 ಮೀಟರ್ ಒಳ್ಳೆಯ ತಾಮ್ರದಲ್ಲಿ ನಷ್ಟ 1.2 ವೋಲ್ಟು ಮಾತ್ರ. 2003ರಲ್ಲಿ ನಿಗದಿಯಾದ ಕ್ರಮದಂತೆ ಪೆಟ್ಟಿಗೆ ಒಂದು ಕೇಬಲಿಗೆ 15.4 ವ್ಯಾಟ್ ಕೊಟ್ಟರೆ ತುದಿಯಲ್ಲಿ 12.95 ವ್ಯಾಟ್ ಸಿಗಬೇಕು. ತಿರುಗುವ ಕ್ಯಾಮರಾಕ್ಕೆ ಇದು ಸಾಲದೆ ಹೋಗಬಹುದು. ಮನೆಯಲ್ಲಿ ಈ ಪೆಟ್ಟಿಗೆಗೂ ರೆಕಾರ್ಡರಿಗೂ ಒಂದು ಬ್ಯಾಟರಿ ಇಟ್ಟರೆ, ಕರೆಂಟು ಹೋದಾಗಲೂ ಎಲ್ಲ ಕ್ಯಾಮರಾಗಳೂ ಎಚ್ಚರವಾಗಿರುತ್ತವೆ.

ಇನ್ನು ದೂರದ ಮಾತು. ಕೇಬಲಿನ ಪೆಟ್ಟಿಗೆಯಲ್ಲಿ 305 ಮೀಟರ್ ಇರುತ್ತದೆಂದು ಅಷ್ಟನ್ನೂ ಒಂದೇ ಎಳೆತಕ್ಕೆ ಹಾಕಬಹುದೆಂದು ಭಾವಿಸಬಾರದು. ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ, ಎರಡೂ ತುದಿಯ ಸಣ್ಣ ತುಂಡುಗಳು ಸೇರಿ 100 ಮೀಟರೇ ಮಿತಿ. 101ನೇ ಮೀಟರಿನಲ್ಲಿ ಚಿತ್ರ ಸಾಯುತ್ತದೆಂದಲ್ಲ. ಆಚೆಗೆ ನಡೆದರೆ ಅದು ಅದೃಷ್ಟ. ಅಳತೆ ಕಣ್ಣಂದಾಜಿನದ್ದಾಗಬಾರದು. ಕಂಬ ಹತ್ತಿ ಇಳಿಯುವುದು, ಕಟ್ಟೆ ಬಳಸುವುದು ಎಲ್ಲ ಲೆಕ್ಕಕ್ಕೆ ಸೇರುತ್ತದೆ. ಕೇಬಲಿನ ಮೈಮೇಲೆ ಮೀಟರ್ ಅಂಕೆ ಅಚ್ಚಾಗಿದ್ದರೆ ಎರಡು ತುದಿಯ ಅಂಕೆಗಳನ್ನು ಕಳೆದರಾಯಿತು.

ನಮ್ಮ ಪಂಪುಶೆಡ್ಡು 180 ಮೀಟರ್ ದೂರ. ನಡುವೆ, 90 ಮೀಟರಿನಲ್ಲಿ, ಪಿ.ಒ.ಇ. ಎಕ್ಸ್‌ಟೆಂಡರ್ ಎಂಬ ಸಣ್ಣ ಪೆಟ್ಟಿಗೆಯನ್ನು ಮಳೆ ತಾಗದಂತೆ ಇಡಬಹುದು. ಅದಕ್ಕೆ ಬೇರೆ ಕರೆಂಟು ಬೇಡ; ಬಂದದ್ದರಲ್ಲಿ ಸ್ವಲ್ಪ ತಾನು ಉಂಡು ಮಿಕ್ಕದ್ದನ್ನು ಮುಂದೆ ದಾಟಿಸುತ್ತದೆ. ಕೆಲವು ಸ್ವಿಚ್ಚುಗಳಲ್ಲಿ ವೇಗವನ್ನು 10 ಮೆಗಾಬಿಟ್ಟಿಗೆ ಇಳಿಸಿ 250 ಮೀಟರ್ ಓಡಿಸುವ ಗುಂಡಿಯುಂಟು. ಒಂದು ಸಾಧಾರಣ ಕ್ಯಾಮರಾಕ್ಕೆ 4 ಮೆಗಾಬಿಟ್ಟು ಸಾಕಾದುದರಿಂದ ಇದೂ ನಡೆದೀತು, ಕೇಬಲು ನಿಜವಾದ ತಾಮ್ರದ್ದಾದರೆ. ತಂತಿಯಿಲ್ಲದೆ ಗಾಳಿಯಲ್ಲಿ ಕಳುಹಿಸುವ ಉಪಕರಣಕ್ಕೆ ಎರಡು ತುದಿಗಳೂ ಒಂದಕ್ಕೊಂದು ಕಾಣಬೇಕು. ಒತ್ತಾದ ಅಡಿಕೆ ತೋಟದಲ್ಲಿ ಸೋಗೆಯೇ ಅಡ್ಡ ಬರುತ್ತದೆ.

ನಾವು ಇವೆಲ್ಲವನ್ನೂ ಬಿಟ್ಟು ಫೈಬರ್ ಹಾಕಿಸಿದೆವು. ಅದಕ್ಕೆ ಕಾರಣ ಸಿಡಿಲು. ಪತ್ತನಾಜೆಯ ಮುಂಚಿನ ಸಂಜೆಗಳೂ ತುಲಾ ಮಾಸದ ಗುಡುಗೂ ನಮ್ಮವರಿಗೆ ಹೊಸತಲ್ಲ. ತೋಟದುದ್ದಕ್ಕೂ ಎಳೆದ ತಾಮ್ರದ ತಂತಿ ದೂರದ ಸಿಡಿಲಿನ ಏಟನ್ನೂ ಮನೆಯೊಳಗೆ ಕರೆತರಬಲ್ಲುದು, ರೆಕಾರ್ಡರು, ಟಿ.ವಿ. ಎಲ್ಲ ಒಂದೇ ಹೊತ್ತಿಗೆ ಸುಟ್ಟಾವು. ಫೈಬರ್ ಗಾಜಿನ ಎಳೆ; ವಿದ್ಯುತ್ತು ಅದರಲ್ಲಿ ಹರಿಯದು, ಕಿಲೋಮೀಟರುಗಟ್ಟಲೆ ಹೋದರೂ ಚಿತ್ರ ಕುಂದದು. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು, ಎರಡಕ್ಕೂ ಕರೆಂಟು ಬೇಕು. ಶೆಡ್ಡಿನಲ್ಲಿ ಹೇಗೂ ಇದೆ. ಆದರೆ ಆ ಕರೆಂಟಿನ ತಂತಿಯಲ್ಲೂ ಸಿಡಿಲು ಬರಬಹುದಾದುದರಿಂದ ಶೆಡ್ಡಿನ ಉಪಕರಣ ಪೂರ್ಣ ಕ್ಷೇಮವೆನ್ನಲಾರೆವು. ಮನೆಯದ್ದು ಮಾತ್ರ ಅದರಿಂದ ಬೇರೆಯಾಗಿ ಉಳಿಯುತ್ತದೆ. ಒಂದು ಎಚ್ಚರಿಕೆ: ಕೆಲವು ಫೈಬರ್ ಕೇಬಲುಗಳ ಬದಿಯಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಬೇಕು. ಇಲ್ಲವಾದರೆ ಗಾಜು ಹಾಕಿಯೂ ಸಿಡಿಲಿಗೆ ದಾರಿ ಬಿಟ್ಟಂತೆ. ತಾಮ್ರವನ್ನೇ ಹಾಕುವವರು ಎರಡು ತುದಿಗೂ ಸರ್ಜ್ ಪ್ರೊಟೆಕ್ಟರ್ ಇಟ್ಟು ಸರಿಯಾದ ಅರ್ತಿಂಗ್ ಕೊಡತಕ್ಕದ್ದು. ಅರ್ತಿಂಗ್ ಇಲ್ಲದ ಪ್ರೊಟೆಕ್ಟರ್ ಬರಿಯ ಡಬ್ಬಿ.

ಕೇಬಲನ್ನು ಬಿಸಿಲು ತಾಳುವ ಕರಿ ಹೊದಿಕೆಯದ್ದಾಗಿ ಆರಿಸಿ, ಕೊಳವೆಯೊಳಗೆ ಹಾಯಿಸಿ ಹೂಳಬೇಕು. ಇಲಿಗೂ ಗುದ್ದಲಿಗೂ ಅದೇ ತಡೆ. ಪಂಪಿನ ಕರೆಂಟಿನ ತಂತಿಯೊಡನೆ ಒಂದೇ ಕೊಳವೆಯಲ್ಲಿ ಹಾಕಲೇಬಾರದು. ಕ್ಯಾಮರಾದ ಹತ್ತಿರ ತಂತಿ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಟ್ಟರೆ ಮಳೆನೀರು ಕೂಡಿಕೆಯೊಳಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಕ್ಯಾಮರಾದ ಮುಖ ನೆರೆಮನೆಯ ಅಂಗಳಕ್ಕಾಗಲಿ ಬಚ್ಚಲ ದಾರಿಗಾಗಲಿ ತಿರುಗಿರಬಾರದೆಂದು ಬೇರೆ ಹೇಳಬೇಕಿಲ್ಲ.

ಚರಂಡಿ ಮುಚ್ಚುವ ಅವಸರ ಬೇಡ. ತಂತಿಯನ್ನು ನೆಲದ ಮೇಲೆಯೇ ಹಾಸಿ, ಎಲ್ಲವನ್ನೂ ಜೋಡಿಸಿ, ಒಂದು ರಾತ್ರಿ ಪೂರ್ತಿ ನಡೆಸಿ ನೋಡಿರಿ. ಬೆಳಗ್ಗೆ ರೆಕಾರ್ಡರಿನಲ್ಲಿ ಕತ್ತಲ ಹೊತ್ತಿನ ಚಿತ್ರ ಎಡೆಬಿಡದೆ ಬಂದಿದ್ದರೆ ಆ ಮೇಲೆ ಮಣ್ಣೆಳೆಯಬಹುದು.