ಅನುಮಾನವಿದ್ದರೆ ‘ಹೌದು’: ಹಡಗಿನಿಂದ ಇಳಿಯುವವರ ಜೈವಿಕ ಸುರಕ್ಷತಾ ವರದಿ ಕುರಿತು ಒಂದು ಪಾಠಾನುಭವ

ತರಗತಿ: 8 (‘ಎ’ ಮತ್ತು ‘ಬಿ’ ವಿಭಾಗ)
ವಿಷಯ: ವಿಜ್ಞಾನ
ಘಟಕ: ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು
ಉಪಘಟಕ: ಸಸ್ಯ ಮತ್ತು ಪ್ರಾಣಿಗಳ ರೋಗ ಹರಡುವಿಕೆ
ಅವಧಿ: 40 ನಿಮಿಷ
ಸಾಮಗ್ರಿ: ಐದು ಬಟ್ಟೆಚೀಲ, ಕರಿಬೇವಿನ ಸೊಪ್ಪು, ಹೆಸರುಕಾಳು, ಮಣ್ಣು ಮೆತ್ತಿದ ಚಪ್ಪಲಿ, ಮರದ ಸೌಟು, ಬಿಸ್ಕತ್ತು ಪೊಟ್ಟಣ, ಪ್ರಶ್ನೆಪತ್ರದ ಪ್ರತಿಗಳು

ಪೀಠಿಕೆ

ಈ ಘಟಕದಲ್ಲಿ ಸಸ್ಯರೋಗಗಳ ಒಂದು ಕೋಷ್ಟಕವಿದೆ. ಸಿಟ್ರಸ್ ಕ್ಯಾಂಕರ್ ಗಾಳಿಯಿಂದ, ಬೆಂಡೆಯ ಹಳದಿ ನಂಜುರೋಗ ಕೀಟದಿಂದ ಹರಡುತ್ತದೆ ಎಂದು ಮಕ್ಕಳು ಅದನ್ನು ಬಾಯಿಪಾಠ ಮಾಡಿದ್ದರು. ಹಸುವಿನ ಕಾಲುಬಾಯಿ ರೋಗಕ್ಕೆ ವೈರಸ್ ಕಾರಣವೆಂಬುದೂ ಗೊತ್ತಿತ್ತು. ಆದರೆ ‘ಸಮುದ್ರದ ಆಚೆಗೆ ರೋಗ ಹೇಗೆ ಹೋಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆ ಬಂದರಿಗೆ ಹತ್ತಿರದ್ದು. ಕೆಲವು ಮಕ್ಕಳ ತಂದೆಯರು ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಹಾಗಾಗಿ ಹಡಗಿನಿಂದ ಇಳಿಯುವ ಸಿಬ್ಬಂದಿ ಏನನ್ನು ವರದಿ ಮಾಡಬೇಕು ಎಂಬುದನ್ನೇ ಉದಾಹರಣೆಯಾಗಿ ಆರಿಸಿಕೊಂಡೆ.

ವಿಷಯ ಸಾರ

ಈ ವಿಷಯದಲ್ಲಿ ಆಸ್ಟ್ರೇಲಿಯದ ನಿಯಮಗಳು ಕಟ್ಟುನಿಟ್ಟು. ಅಲ್ಲಿ 1908ರ ಕ್ವಾರಂಟೈನ್ ಕಾಯ್ದೆಯ ಬದಲಿಗೆ 2015ರ ಜೈವಿಕ ಸುರಕ್ಷತಾ ಕಾಯ್ದೆ 2016ರ ಜೂನ್ 16ರಿಂದ ಜಾರಿಯಲ್ಲಿದೆ. ಅಂತಾರಾಷ್ಟ್ರೀಯ ವಾಣಿಜ್ಯ ಹಡಗು ಬಂದರು ತಲುಪುವ ಮೊದಲು, 96ರಿಂದ 12 ಗಂಟೆಗಳ ನಡುವಿನ ಅವಧಿಯಲ್ಲಿ, ಆಗಮನಪೂರ್ವ ವರದಿ ಸಲ್ಲಿಸಬೇಕು. ಹಡಗಿನಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಅದನ್ನೂ ತಿಳಿಸಬೇಕು. ಅಡುಗೆಮನೆಯ ಹಣ್ಣು, ತರಕಾರಿ, ಮಾಂಸವನ್ನು ದಡಕ್ಕೆ ತರುವಂತಿಲ್ಲ. ಕಸವನ್ನು ಸೋರದ, ಮುಚ್ಚಳವಿರುವ ಡಬ್ಬಿಗಳಲ್ಲಿ ಇಡಬೇಕು. ಕೆಲಸ ಮುಗಿಸಿ ಊರಿಗೆ ಹೊರಡುವ ನಾವಿಕರು ತಮ್ಮ ಸಾಮಾನಿನಲ್ಲಿರುವ ಆಹಾರ, ಬೀಜ, ಸಸ್ಯ, ಪ್ರಾಣಿಜನ್ಯ ವಸ್ತು, ಮರದ ವಸ್ತುಗಳನ್ನು ಅಧಿಕಾರಿಗಳಿಗೆ ತಿಳಿಸಬೇಕು.

ಆ ದೇಶಕ್ಕೆ ಬರುವ ಪ್ರಯಾಣಿಕರು ತುಂಬುತ್ತಿದ್ದ ಆಗಮನ ಕಾರ್ಡಿನಲ್ಲಿ ಮಣ್ಣು ಅಂಟಿದ ಪಾದರಕ್ಷೆಯ ಬಗ್ಗೆ ಪ್ರಶ್ನೆಯಿತ್ತು. ಕಳೆದ 30 ದಿನಗಳಲ್ಲಿ ಜಮೀನಿಗೆ ಹೋಗಿದ್ದೀರಾ ಎಂದೂ ಕೇಳಲಾಗುತ್ತಿತ್ತು. ಅನುಮಾನವಿದ್ದರೆ ‘ಹೌದು’ ಎಂದು ಗುರುತಿಸಿ ಎಂಬ ಸೂಚನೆಯೂ ಅದರಲ್ಲಿತ್ತು.

ಇಷ್ಟೆಲ್ಲ ಏಕೆ? 2007ರಲ್ಲಿ ಜಾರ್ಜಿಯ ದೇಶದ ಪೋಟಿ ಬಂದರಿನ ಸುತ್ತ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಿತು. ಹಡಗಿನ ಆಹಾರತ್ಯಾಜ್ಯವನ್ನು ಹಂದಿಗಳು ತಿಂದದ್ದೇ ಕಾರಣವಿರಬೇಕೆಂದು ತಜ್ಞರು ಭಾವಿಸುತ್ತಾರೆ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ, ಹಂದಿಗಳಿಗೆ ಮಾರಕ. ಅದು 2018ರಲ್ಲಿ ಚೀನಾದಲ್ಲಿ, 2020ರಲ್ಲಿ ನಮ್ಮ ಅಸ್ಸಾಂನಲ್ಲಿ ವರದಿಯಾಯಿತು.

ಮೊದಲ ಪಾಠ: ‘ಎ’ ವಿಭಾಗ

ಮಕ್ಕಳನ್ನು ಐದು ಗುಂಪು ಮಾಡಿ ಒಂದೊಂದು ಚೀಲ ಕೊಟ್ಟೆ. ಅವರು ನಾವಿಕರು, ನಾನು ಅಧಿಕಾರಿ. ಚೀಲದಲ್ಲಿರುವುದನ್ನು ಪ್ರಶ್ನೆಪತ್ರದಲ್ಲಿ ಗುರುತಿಸಬೇಕು. ನಿಷೇಧಿತ ವಸ್ತು ಸಿಕ್ಕರೆ ಗುಂಪಿಗೆ ಐದು ಅಂಕ ಕಡಿತ ಎಂದು ಮೊದಲೇ ಹೇಳಿದೆ.

ಮೊದಲ ಗುಂಪು ಕರಿಬೇವನ್ನು ಪ್ರಾಮಾಣಿಕವಾಗಿ ಬರೆದಿತ್ತು. ನಾನು ಐದು ಅಂಕ ಕಳೆದೆ. ಉಳಿದ ನಾಲ್ಕೂ ಗುಂಪುಗಳು ಕೂಡಲೇ ‘ಹೌದು’ ಅಳಿಸಿ ‘ಇಲ್ಲ’ ಎಂದು ಬರೆದವು. ಒಂದು ಗುಂಪು ಚಪ್ಪಲಿಯನ್ನು ಬೆಂಚಿನ ಕೆಳಗೆ ತಳ್ಳಿತು. ತರಗತಿಯಲ್ಲಿ ನಗುವೋ ನಗು. ಪಾಠ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಟೀಚರ್, ಪಪ್ಪ ಹಡಗಿಗೆ ಹೋಗುವಾಗ ಅಮ್ಮ ನಮ್ಮ ಮರದ ಕರಿಬೇವು ಕಟ್ಟಿ ಕೊಡ್ತಾರೆ. ನಾವು ದಿನಾ ತಿನ್ನೋದಲ್ವಾ? ಅದು ಕೊಳಕಾ?”

“ಅಲ್ಲಿನ ಕಾನೂನು ಹಾಗಿದೆ, ಕೂತ್ಕೋ” ಎಂದೆ. ಕೂತ. ಮತ್ತೆ ಕೈ ಎತ್ತಲಿಲ್ಲ.

ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರು ಎರಡು ಸಾಲು ಬರೆದಿದ್ದರು: ವಿದ್ಯಾರ್ಥಿಯ ಪ್ರಶ್ನೆಗೆ ವೈಜ್ಞಾನಿಕ ಉತ್ತರ ದೊರೆಯಲಿಲ್ಲ. ಸತ್ಯ ಹೇಳಿದ ಗುಂಪಿಗೇ ಶಿಕ್ಷೆಯಾಗಿದೆ, ಪರಿಶೀಲಿಸಿ.

ತಪ್ಪು ಎಲ್ಲಿತ್ತು?

ನಿಜವಾದ ನಿಯಮ ನನ್ನ ಆಟದಂತಿಲ್ಲ. ಆಸ್ಟ್ರೇಲಿಯದಲ್ಲಿ ವಸ್ತುವನ್ನು ತಾವಾಗಿಯೇ ಘೋಷಿಸಿದವರಿಗೆ, ಅದು ಒಳಗೆ ಬಿಡದ ವಸ್ತುವಾದರೂ, ಆ ಕಾರಣಕ್ಕೆ ದಂಡವಿಲ್ಲ. ಅಧಿಕಾರಿ ನೋಡಿ ಕೆಲವನ್ನು ವಾಪಸು ಕೊಡುತ್ತಾರೆ, ಕೆಲವನ್ನು ಸಂಸ್ಕರಿಸುತ್ತಾರೆ, ಕೆಲವನ್ನು ನಾಶಪಡಿಸುತ್ತಾರೆ. ದಂಡ ಬೀಳುವುದು ಮುಚ್ಚಿಟ್ಟದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ. ಹೇಳಿದವರನ್ನೇ ದಂಡಿಸಿದರೆ ಮುಂದೆ ಯಾರೂ ಹೇಳುವುದಿಲ್ಲ, ರೋಗ ಬಂದ ದಾರಿಯೂ ತಿಳಿಯುವುದಿಲ್ಲ. ಇದನ್ನು ನನ್ನ ‘ಎ’ ವಿಭಾಗ ಐದೇ ನಿಮಿಷದಲ್ಲಿ ಮಾಡಿ ತೋರಿಸಿತ್ತು.

ಎರಡನೇ ಪಾಠ: ‘ಬಿ’ ವಿಭಾಗ

ಅಂಕದ ನಿಯಮ ಬದಲಿಸಿದೆ. ಘೋಷಿಸಿದ ಪ್ರತಿ ವಸ್ತುವಿಗೆ ಒಂದು ಅಂಕ, ಅದರಿಂದ ಏನು ಹರಡಬಹುದು ಎಂದು ಊಹಿಸಿ ಬರೆದರೆ ಇನ್ನೊಂದು. ಮುಚ್ಚಿಟ್ಟರೆ ಮಾತ್ರ ಕಡಿತ. ಈ ಬಾರಿ ಐದೂ ಗುಂಪುಗಳು ಎಲ್ಲವನ್ನೂ ಬರೆದವು. ಹೆಸರುಕಾಳಿನ ಮುಂದೆ ‘ಹುಳ’, ಸೌಟಿನ ಮುಂದೆ ‘ಮರ ಕೊರೆಯುವ ಹುಳ’, ಚಪ್ಪಲಿಯ ಮುಂದೆ ‘ಕಳೆ ಬೀಜ, ಕಾಲುಬಾಯಿ ರೋಗ’ ಎಂದಿತ್ತು. ಬಿಸ್ಕತ್ತಿಗೂ ಒಂದು ಗುಂಪು ‘ಅನುಮಾನ’ ಎಂದು ಬರೆದು ಅಂಕ ಪಡೆಯಿತು.

ಮರುದಿನ ‘ಎ’ ವಿಭಾಗದಲ್ಲಿ ಹತ್ತು ನಿಮಿಷ ಕೇಳಿ ಪಡೆದೆ. ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ನಿನ್ನೆ ನಾನು ಸರಿಯಾಗಿ ಉತ್ತರಿಸಲಿಲ್ಲ ಎಂದೆ. ಕರಿಬೇವು ಕೊಳಕಲ್ಲ. ಅದು ನಿಂಬೆ, ಕಿತ್ತಳೆಗಳ ಕುಟುಂಬದ ಗಿಡ. ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಕೀಟ ಕಿತ್ತಳೆಯ ಮೇಲೆ ಬದುಕುವಂತೆ ಕರಿಬೇವಿನ ಚಿಗುರಿನ ಮೇಲೂ ಬದುಕುತ್ತದೆ. ಕಿತ್ತಳೆಗೆ ಗ್ರೀನಿಂಗ್ ರೋಗ ಹರಡುವುದು ಈ ಕೀಟವೇ. ನಮ್ಮ ಕೊಡಗಿನ ಕಿತ್ತಳೆ ತೋಟಗಳನ್ನು ಹಾಳುಮಾಡಿದ ರೋಗಗಳಲ್ಲಿ ಇದೂ ಒಂದು. ತಿನ್ನುವವರಿಗೆ ಇದರಿಂದ ತೊಂದರೆಯಿಲ್ಲ. ಈ ಕೀಟ ಇಲ್ಲದ ಊರಿನ ಕಿತ್ತಳೆಗೆ ತೊಂದರೆ.

ನಾವೂ ಹೀಗೆ ಪೆಟ್ಟು ತಿಂದವರೇ ಎಂದು ಪಾರ್ಥೇನಿಯಂ ಗಿಡ ತೋರಿಸಿದೆ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಆಮದು ಗೋಧಿಯ ಜೊತೆ ಭಾರತಕ್ಕೆ ಬಂತೆಂದು ಹೇಳುತ್ತಾರೆ. ಭಾರತಕ್ಕೂ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ.

“ಹಾಗಾದ್ರೆ ಪಪ್ಪನಿಗೆ ಬರೀಲಿಕ್ಕೆ ಹೇಳ್ಬೇಕು” ಎಂದ ಹುಡುಗ.

ಮೌಲ್ಯಮಾಪನ

1. ತಿನ್ನಲು ಯೋಗ್ಯವಾದ ಸೊಪ್ಪು ಬೇರೆ ದೇಶದ ತೋಟಕ್ಕೆ ಏಕೆ ಅಪಾಯವಾಗಬಹುದು?
2. ಹಡಗಿನ ಅಡುಗೆಮನೆ ಕಸದ ಡಬ್ಬಿಗೆ ಮುಚ್ಚಳ ಏಕೆ ಬೇಕು?
3. ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ಕಾಲುಬಾಯಿ ರೋಗ ಬಂದಿದೆ. ಯಾರಿಗೆ ತಿಳಿಸುವೆ? ತಿಳಿಸದಿದ್ದರೆ ಏನಾಗಬಹುದು?

ಮೂರನೆಯ ಪ್ರಶ್ನೆಗೆ ‘ಬಿ’ ವಿಭಾಗದ ಹೆಚ್ಚಿನವರು ಪಶುವೈದ್ಯರ ಜೊತೆಗೆ ‘ಪಕ್ಕದ ಮನೆಯವರಿಗೆ’ ಎಂದೂ ಬರೆದಿದ್ದರು. ನನ್ನ ಪಾಠಯೋಜನೆಯಲ್ಲಿ ಆ ಉತ್ತರ ಇರಲಿಲ್ಲ.

ನಾನು ಕಲಿತದ್ದು

ವರದಿ ಮಾಡುವುದೆಂದರೆ ತಪ್ಪೊಪ್ಪಿಗೆಯಲ್ಲ, ಮಾಹಿತಿ ಕೊಡುವುದು. ಇದನ್ನು ಹೇಳಿಕೊಡಲು ಹೊರಟ ನಾನೇ ಆಟದಲ್ಲಿ ಅದನ್ನು ತಪ್ಪೊಪ್ಪಿಗೆ ಮಾಡಿದ್ದೆ. ಈ ಚಟುವಟಿಕೆ ಮಾಡುವ ಸಹಪಾಠಿಗಳು ಅಂಕದ ನಿಯಮವನ್ನು ಮೊದಲು ಸರಿಪಡಿಸಿಕೊಳ್ಳಲಿ. ‘ಅರ್ಥವಾಗಲಿಲ್ಲ’ ಎಂದು ಹೇಳುವ ಮಗುವಿನ ವಿಷಯದಲ್ಲೂ ಇದೇ ಮಾತು. ಹೇಳಿದ್ದಕ್ಕೆ ಬೈದರೆ, ಮರುದಿನದಿಂದ ಇಡೀ ತರಗತಿಗೆ ಎಲ್ಲವೂ ಅರ್ಥವಾಗಿಬಿಡುತ್ತದೆ.