ಬೆಂಗಳೂರಿಗೆ ಹೊರಟ ಅಣ್ಣನ ಮಗಳಿಗೆ ಅತ್ತೆಯ ಕಿವಿಮಾತು

ತಂಗಿ, ನೌಕರಿಯ ಆರ್ಡರ್ ಬಂದಾಗಿನಿಂದ ನಿಮ್ಮಪ್ಪನಿಗೆ ಒಂದೇ ಚಿಂತೆ: ಬೆಂಗಳೂರಿಗೆ ಹೋದ ಮೇಲೆ ಹುಡುಗಿ ಬದಲಾಗಿಬಿಟ್ಟರೆ ಹೇಗೆ? ಬದಲಾಗದೆ ಇರಲು ಸಾಧ್ಯವೇ ಇಲ್ಲ ಎಂದು ನಾನು ಅವನಿಗೆ ಹೇಳಿದ್ದೇನೆ. ಊರು ಬದಲಾದರೆ ಏಳುವ ಹೊತ್ತು, ಉಣ್ಣುವ ಹೊತ್ತು, ನಡೆಯುವ ದೂರ, ಖರ್ಚಿನ ಕೈ ಎಲ್ಲ ಬದಲಾಗುತ್ತವೆ. ಅದರಲ್ಲಿ ಹೆದರುವಂಥದ್ದೇನಿಲ್ಲ. ಆದರೆ ಯಾವುದನ್ನು ನೀನು ಬೇಕೆಂದು ಬದಲಿಸಿಕೊಂಡೆ, ಯಾವುದು ನಿನಗೆ ತಿಳಿಯದೆಯೇ ಬದಲಾಯಿತು ಎಂಬ ಲೆಕ್ಕ ನಿನ್ನ ಹತ್ತಿರ ಇರಬೇಕು. ಗದಗ ಬಿಟ್ಟು ಬಂದು ದಶಕಗಳಿಂದ ಇಲ್ಲಿದ್ದೇನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಇಲ್ಲಿ ಬಂದು ನೆಲೆ ನಿಂತದ್ದನ್ನೂ ಸೋತು ಸುಣ್ಣವಾದದ್ದನ್ನೂ ಕಂಡಿದ್ದೇನೆ. ಅದರಿಂದ ತಿಳಿದದ್ದು ಇಷ್ಟು.

• ಮೊದಲು ಆಫೀಸು ಎಲ್ಲಿದೆ ನೋಡು, ಆಮೇಲೆ ಮನೆ ಹುಡುಕು. ನಮ್ಮವರು ಇದನ್ನು ತಿರುಗುಮುರುಗು ಮಾಡುತ್ತಾರೆ. ವಿಜಯನಗರದಲ್ಲಿ ನಮ್ಮೂರವರಿದ್ದಾರೆ, ರೊಟ್ಟಿ ಸಿಗುವ ಖಾನಾವಳಿ ಇದೆ ಎಂದು ಅಲ್ಲಿ ರೂಮು ಹಿಡಿದು, ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುತ್ತಾರೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದರೆ ದಿನಕ್ಕೆ ಮೂರು ಗಂಟೆ. ತಿಂಗಳಿಗೆ 22 ದಿನ ಕೆಲಸ ಎಂದು ಹಿಡಿದರೆ 66 ಗಂಟೆ ದಾರಿಯಲ್ಲೇ ಹೋಯಿತು. ಅಡುಗೆ, ನಿದ್ದೆ, ಓದು, ಅವ್ವನ ಜೊತೆ ನಾಲ್ಕು ಮಾತು, ಇವಕ್ಕೆಲ್ಲ ಸಿಗಬೇಕಾದ ಹೊತ್ತು ಅದು. ರಾತ್ರಿ ಒಂಬತ್ತೂವರೆಗೆ ಮನೆ ಸೇರಿದವಳು ರೊಟ್ಟಿ ಬಡಿಯುತ್ತ ಕೂರುವುದಿಲ್ಲ, ಫೋನ್ ಒತ್ತಿ ಊಟ ತರಿಸುತ್ತಾಳೆ. ತಡವಾಗಿ ಉಂಡವಳು ತಡವಾಗಿ ಮಲಗುತ್ತಾಳೆ, ತಡವಾಗಿ ಎದ್ದವಳು ತಿಂಡಿ ಬಿಟ್ಟು ಓಡುತ್ತಾಳೆ. ಊರಲ್ಲಿ ಚುರುಕಾಗಿದ್ದ ಹುಡುಗಿ ಇಲ್ಲಿ ಬಂದು ಸೋಮಾರಿಯಾದಳು ಎಂದು ಜನ ಆಡಿಕೊಳ್ಳುತ್ತಾರೆ. ನಾನು ಹಾಗೆ ಹೇಳಲಾರೆ. ಅವಳು ಕೆಟ್ಟದ್ದು ಮನೆಯ ವಿಳಾಸದಿಂದ. ಆದ್ದರಿಂದ ಬಾಡಿಗೆ ಎರಡು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ, ಆಫೀಸಿನ ಹತ್ತಿರ ಹಿಡಿ.

• ಹತ್ತಿರ ಸಿಗದಿದ್ದರೆ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿರಲಿ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೂ ಪೂರ್ತಿ ಓಡುತ್ತಿದೆ. ಹೂಡಿ, ಗರುಡಾಚಾರ್‌ಪಾಳ್ಯದ ಕಡೆ ನೋಡು. 2025ರ ಫೆಬ್ರವರಿಯಲ್ಲಿ ದರ ಏರಿಸಿ ಅತಿ ಹೆಚ್ಚಿನ ಟಿಕೆಟ್ಟನ್ನು 90 ರೂಪಾಯಿ ಮಾಡಿದರು. ದಿನಾ ಎರಡು ಸಲ ದೂರ ಓಡಾಡಿದರೆ ಅದೂ ಸಣ್ಣ ಮೊತ್ತವಲ್ಲ, ಬಾಡಿಗೆಯ ಜೊತೆ ಕೂಡಿಸಿ ನೋಡು. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿಂದ ನಿನಗೆ ಟಿಕೆಟ್ ಇಲ್ಲ, ಎ.ಸಿ. ವಜ್ರದಲ್ಲಿ ದುಡ್ಡು ಕೊಡಬೇಕು. ಆಧಾರ್ ಕಾರ್ಡು ಪರ್ಸಿನಲ್ಲೇ ಇರಲಿ.

• ಮನೆ ನೋಡಲು ಹೋದಾಗ ಗೋಡೆಯ ಬಣ್ಣ ನೋಡಬೇಡ, ನಲ್ಲಿ ನೋಡು. ನಲ್ಲಿಯ ಬಾಯಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿದೆಯೇ? ಬೆರಳಿನಿಂದ ಉಜ್ಜಿದರೂ ಹೋಗುವುದಿಲ್ಲವೇ? ಹಾಗಿದ್ದರೆ ಅದು ಗಡಸು ಬೋರ್‌ವೆಲ್ ನೀರು ಅಥವಾ ಟ್ಯಾಂಕರಿನಲ್ಲಿ ತಂದು ಸಂಪಿಗೆ ಸುರಿದ ನೀರು. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತಲೆಕೂದಲು ಒರಟಾಗುತ್ತದೆ. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಮಾಲೀಕರ ಬಾಯಿಂದಲೇ ಕೇಳು, ಎದುರು ಮನೆಯವರನ್ನೂ ಕೇಳು. ಈ ಊರಿಗೆ ಕಾವೇರಿ ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು ನೂರು ಕಿಲೋಮೀಟರ್ ದೂರ, ಅದರ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 1974ರಲ್ಲಿ ಮೊದಲ ಹಂತ ಮುಗಿಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಕೊಡ ಹಿಡಿದು ಟ್ಯಾಂಕರ್ ಕಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಗದಗ-ಬೆಟಗೇರಿಯಲ್ಲಿ ವಾರಗಟ್ಟಲೆ ನೀರಿಗೆ ಕಾದು ಬೆಳೆದವಳು ನೀನು. ತುಂಬಿಡುವುದು, ಅಳೆದು ಬಳಸುವುದು, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು ನಿನಗೆ ಯಾರೂ ಕಲಿಸಬೇಕಿಲ್ಲ. ಈ ಅಭ್ಯಾಸವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡ.

• ಅಡ್ವಾನ್ಸ್ ವಿಷಯ. ಬಾಡಿಗೆಯ ಹತ್ತು ಪಟ್ಟು ಅಡ್ವಾನ್ಸ್ ಕೇಳುವುದು ಇಲ್ಲಿಯ ಹಳೆಯ ರೂಢಿ. ಈಗ ಎಷ್ಟೋ ಕಡೆ ಐದಾರು ತಿಂಗಳದ್ದಕ್ಕೆ ಒಪ್ಪುತ್ತಾರೆ, ಚೌಕಾಸಿ ಮಾಡು. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ಕರಾರಿನಲ್ಲೇ ಬರೆಸು. ಕರಾರು 11 ತಿಂಗಳಿಗೆ ಯಾಕೆ ಎಂದು ನೀನು ಕೇಳುತ್ತಿದ್ದೆಯಲ್ಲ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಪತ್ರವನ್ನು ಕಾನೂನಿನ ಪ್ರಕಾರ ನೋಂದಣಿ ಮಾಡಿಸಬೇಕು, ಅದಕ್ಕೆ. ಮನೆ ಕಣ್ಣಾರೆ ನೋಡದೆ, ಫೋಟೋ ನಂಬಿ, 'ಟೋಕನ್' ಎಂದು ಫೋನಿನಲ್ಲಿ ಒಂದು ರೂಪಾಯಿಯನ್ನೂ ಕಳಿಸಬೇಡ. ಈ ಮೋಸಕ್ಕೆ ಓದಿದವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

• ಮೊದಲ ಮೂರು ತಿಂಗಳು ಪಿ.ಜಿ.ಯಲ್ಲಿರುವುದೇ ಒಳ್ಳೆಯದು. ಊರು ಅರ್ಥವಾದ ಮೇಲೆ ಮನೆ ಮಾಡು.

• ಊಟ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಮ್ಮ ಕಡೆಯವರ ದೇಹದಲ್ಲಿ ಮೊದಲು ಬದಲಾಗುವುದು ಹೊಟ್ಟೆ. ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳು, ಮೇಲೆ ಹಸಿ ಉಳ್ಳಾಗಡ್ಡಿ ತಿಂದವರು ಇಲ್ಲಿ ಬಂದು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಫ್ರೈಡ್ ರೈಸ್ ಎಂದು ಮೂರು ಹೊತ್ತೂ ಅಕ್ಕಿಗೆ ಬೀಳುತ್ತಾರೆ. ಆರು ತಿಂಗಳಲ್ಲಿ ಸೊಂಟದ ಸುತ್ತಳತೆ ಹೇಳುತ್ತದೆ. ದರ್ಶಿನಿಯಲ್ಲಿ ನಿಂತು ಬಿಸಿ ಇಡ್ಲಿ ತಿನ್ನುವುದಕ್ಕೆ ನನ್ನ ಅಡ್ಡಿಯಿಲ್ಲ, ಅದು ಶುಚಿ, ಅಗ್ಗ. ನನ್ನ ತಕರಾರು ಇರುವುದು ರಾತ್ರಿ ಹತ್ತೂವರೆಗೆ ಸ್ವಿಗ್ಗಿ, ಜೊಮ್ಯಾಟೊದಲ್ಲಿ ತರಿಸುವ ಎಣ್ಣೆಯೂಟಕ್ಕೆ. ಮನೆ ಮಾಡಿದ ಮೇಲೆ ಒಂದು ಹಂಚು, ಒಂದು ಸಣ್ಣ ಕುಕ್ಕರ್ ಇಟ್ಟುಕೋ. ವಿಳಾಸದ ದಾಖಲೆ ಇಲ್ಲದಿದ್ದರೂ ಗುರುತಿನ ಚೀಟಿ ತೋರಿಸಿದರೆ ಐದು ಕೆ.ಜಿ.ಯ ಸಣ್ಣ ಸಿಲಿಂಡರ್ ಸಿಗುತ್ತದೆ, ಇಂಡೇನಿನವರು ಅದಕ್ಕೆ 'ಛೋಟು' ಎಂದು ಹೆಸರಿಟ್ಟಿದ್ದಾರೆ.

ಇನ್ನು ಹಿಟ್ಟು. ಅಂಗಡಿಯ ಪ್ಯಾಕೆಟ್ಟಿನ ಜೋಳದ ಹಿಟ್ಟು ಬಹಳ ಸಲ ಹಳತಾಗಿರುತ್ತದೆ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ. ನಾದುವಾಗಲೇ ಬಿಡಿಬಿಡಿಯಾಗುತ್ತದೆ, ಬಡಿಯಲು ಕೂತರೆ ಅಂಚು ಸೀಳುತ್ತದೆ, ಹಂಚಿಗೆ ಎತ್ತಿ ಹಾಕುವಷ್ಟರಲ್ಲಿ ಎರಡು ತುಂಡು. ನನಗೆ ರೊಟ್ಟಿ ಮರೆತುಹೋಯಿತು ಎಂದುಕೊಂಡು ಎಷ್ಟೋ ಹುಡುಗಿಯರು ಅಲ್ಲಿಗೇ ಕೈಬಿಡುತ್ತಾರೆ. ಕೈಯಲ್ಲಿ ದೋಷವಿಲ್ಲ. ಊರಿಂದ ಬಿಳಿಜೋಳ ಹಸನು ಮಾಡಿ ತಂದುಕೋ, ಇಲ್ಲಿಯ ಗಿರಣಿಯಲ್ಲಿ ಎರಡು ವಾರಕ್ಕಾಗುವಷ್ಟೇ ಬೀಸಿಸು, ಕುದಿಯುವ ನೀರಿಗೆ ಹಾಕಿ ನಾದು. ಅಷ್ಟಕ್ಕೂ ಹೊತ್ತಿಲ್ಲದಿದ್ದರೆ ಅವ್ವ ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದೇ ಇವೆ. ಮೊಸರು ಒಂದಿದ್ದರೆ ಊಟವಾಯಿತು.

• ಹಾಗೆಂದು ಇಲ್ಲಿಯ ಊಟಕ್ಕೆ ಮುಖ ತಿರುಗಿಸಬೇಡ. ರಾಗಿಮುದ್ದೆ, ಬಸ್ಸಾರು, ಉಪ್ಸಾರು ಕಲಿತುಕೋ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ, ಹಿದುಕಿದ ಅವರೆಬೇಳೆ ಸಾರು ಉಂಡವರಿಗೇ ಗೊತ್ತು. ಹೊಸ ಊರು ಕೊಡುವ ಬದಲಾವಣೆಗಳಲ್ಲಿ ಇದು ಸಂತೋಷದಿಂದ ತೆಗೆದುಕೊಳ್ಳಬೇಕಾದದ್ದು.

• ನೀರು ಕುಡಿಯುವುದು ಮರೆಯಬೇಡ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ, ಜೊತೆಗೆ ಆಫೀಸಿನಲ್ಲಿ ಎ.ಸಿ. ನಮ್ಮೂರಿನ ಬಿಸಿಲಿನ ಹಾಗೆ ಬೆವರು ಹರಿಯುವುದಿಲ್ಲ, ಬಾಯಾರುವುದೂ ಗೊತ್ತಾಗುವುದಿಲ್ಲ.

• ಹಣ ಇಲ್ಲಿ ನೂರು, ಇನ್ನೂರರ ಲೆಕ್ಕದಲ್ಲಿ ಸೋರುತ್ತದೆ. ಆಟೋ, ಕಾಫಿ, ಡೆಲಿವರಿ, ಯಾರದೋ ಹುಟ್ಟುಹಬ್ಬ. ಫೋನ್ ಸ್ಕ್ಯಾನ್ ಮಾಡಿ ಕೊಟ್ಟ ಹಣ ಕೈಯಿಂದ ಹೋದದ್ದು ಮನಸ್ಸಿಗೆ ತಟ್ಟುವುದಿಲ್ಲ. ಸಂಬಳ ಬಂದ ದಿನವೇ ಉಳಿತಾಯದ ಪಾಲನ್ನು ಬೇರೆ ಖಾತೆಗೆ ಹಾಕು, ವಾರದ ಖರ್ಚಿಗೆ ಇಷ್ಟು ಎಂದು ಇನ್ನೊಂದರಲ್ಲಿ ಇಡು. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ ಕಟ್ಟಿದರೆ ಸಾಕು' ಎಂದಿರುತ್ತದೆ. ಸಾಕಾಗುವುದಿಲ್ಲ. ಉಳಿದದ್ದಕ್ಕೆ ತಿಂಗಳಿಗೆ ಶೇ. 3ರ ಆಸುಪಾಸು ಬಡ್ಡಿ ಬೀಳುತ್ತದೆ. ನಮ್ಮೂರ ಸಾವುಕಾರರ ಬಡ್ಡಿಗೆ ಬೈಯುವ ನಾವು ಇದಕ್ಕೆ ತೆಪ್ಪಗೆ ಕಟ್ಟುತ್ತೇವೆ. ಕೆಲಸ ಬದಲಿಸಿದಾಗ ಪಿ.ಎಫ್. ಹಣ ಬಿಡಿಸಿಕೊಂಡು ಫೋನ್ ಕೊಳ್ಳುವ ಹುಡುಗರಿದ್ದಾರೆ. ನೀನು ಹಾಗೆ ಮಾಡಬೇಡ, ಅದೇ ಯು.ಎ.ಎನ್. ಸಂಖ್ಯೆಗೆ ವರ್ಗಾಯಿಸಿಕೋ.

• ಕಸ. ಹಸಿ ಕಸ ಬೇರೆ, ಒಣ ಕಸ ಬೇರೆ, ಸ್ಯಾನಿಟರಿ ಪ್ಯಾಡಿನಂಥವು ಕಾಗದದಲ್ಲಿ ಸುತ್ತಿ ಬೇರೆ. ಬೆಳಿಗ್ಗೆ ಗಾಡಿಯವರು ಬಂದಾಗ ಎದ್ದಿರು. ಅವರು ಬರಿಗೈಯಲ್ಲಿ ಬೇರ್ಪಡಿಸಬೇಕಾಗಿ ಬರುವುದು ನಮ್ಮ ಅಸಡ್ಡೆಯಿಂದ.

• ಜನರ ವಿಷಯ. ಬೀದಿಯವರೆಲ್ಲ 'ಊಟಾತೇನವಾ' ಎಂದು ಕೇಳುವ ಊರಿನಿಂದ ಬಂದವಳಿಗೆ ಇಲ್ಲಿಯ ಮುಚ್ಚಿದ ಬಾಗಿಲುಗಳು ಮೊದಲು ಅವಮಾನ ಮಾಡಿದ ಹಾಗೆ ಕಾಣುತ್ತವೆ. ಅವರು ದುರಹಂಕಾರಿಗಳಲ್ಲ, ಅವರಿಗೂ ಹೊತ್ತಿಲ್ಲ. ಮೊದಲು ನೀನೇ ಮಾತಾಡಿಸು. ಮೂಲೆಯ ಸೊಪ್ಪಿನವಳು, ಇಸ್ತ್ರಿ ಅಂಗಡಿಯವರು, ಪಕ್ಕದ ಮನೆಯ ಅಜ್ಜಿ, ಈ ಮೂವರಿಗೆ ನಿನ್ನ ಹೆಸರು ಗೊತ್ತಿರಬೇಕು. ಜ್ವರ ಬಂದು ಮಲಗಿದ ದಿನ ಬಾಗಿಲು ತಟ್ಟುವವರು ಅವರೇ. ಆಫೀಸಿನಲ್ಲಿ ಬೇರೆ ಬೇರೆ ರಾಜ್ಯದವರಿರುತ್ತಾರೆ, ಎಲ್ಲರ ಸ್ನೇಹ ಮಾಡು, ಕಲಿಯಲು ಬಯಸಿದವರಿಗೆ ಕನ್ನಡ ಕಲಿಸು. ನಿನ್ನ ಗದಗಿನ ಮಾತಿಗೆ ಯಾರಾದರೂ ನಕ್ಕರೆ ನಗಲಿ, ನೀನು ಅದನ್ನು ಬದಲಿಸಬೇಡ.

• ರಜೆಯ ದಿನವೆಲ್ಲ ಮಾಲ್‌ನಲ್ಲಿ ಕಳೆಯಬೇಡ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನನ್ನ ಜೊತೆ ಬಾ. ನಾಟಕ ನೋಡುವ ರುಚಿ ನಿನಗೆ ಮೊದಲಿನಿಂದ ಇದೆ, ಕಲಾಕ್ಷೇತ್ರವಿದೆ, ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರವಿದೆ. ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಟ್ರಾಫಿಕ್ಕಿನ ನೆಪ ನಡೆಯುವುದಿಲ್ಲ, ಒಂದು ಗಂಟೆ ಮೊದಲೇ ಹೊರಡು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೂ ಒಮ್ಮೆ ಹೋಗು.

• 112 ಮತ್ತು 1930, ಈ ಎರಡು ನಂಬರು ಬಾಯಿಪಾಠವಿರಲಿ. ಮೊದಲನೆಯದು ಯಾವುದೇ ಅಪಾಯಕ್ಕೆ, ಎರಡನೆಯದು ಆನ್‌ಲೈನಿನಲ್ಲಿ ಹಣ ಹೋದರೆ. ಹೋದ ತಕ್ಷಣ ಕರೆ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಪಟ್ಟು ಎರಡು ದಿನ ಸುಮ್ಮನಿರಬೇಡ.

• ಮನೆಗೆ ದಿನಾ ಫೋನ್ ಮಾಡು, ಆದರೆ ನಡೆಯುವಾಗ, ಬಸ್ ಹತ್ತುವಾಗ ಅಲ್ಲ. ಹತ್ತು ನಿಮಿಷ ಕೂತು ಮಾತಾಡು. ಕಷ್ಟವಿದ್ದರೆ ಕಷ್ಟವಿದೆ ಎಂದೇ ಹೇಳು. ಎಲ್ಲ ಚೆನ್ನಾಗಿದೆ ಎಂಬ ಒಂದೇ ಮಾತನ್ನು ದಿನಾ ಕೇಳಿದ ಅವ್ವನಿಗೆ ಏನೋ ಇದೆ ಎಂದು ತಿಳಿದೇ ತಿಳಿಯುತ್ತದೆ, ಆಮೇಲೆ ಅವಳಿಗೆ ನಿದ್ದೆ ಇರುವುದಿಲ್ಲ.

• ಊರಿಗೆ ಹೋಗುವುದನ್ನು ಸಂದರ್ಭಕ್ಕೆ ಬಿಡಬೇಡ. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನವರು ಕೇಳುವ ದರ ನೋಡಿಯೇ ಎಷ್ಟೋ ಮಕ್ಕಳು ಮುಂದಿನ ಸಲ ಹೋದರಾಯಿತು ಎಂದು ಉಳಿದುಬಿಡುತ್ತಾರೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರಪಂಚಮಿಗಿಂತ ದೊಡ್ಡ ಹಬ್ಬವಿಲ್ಲ, ಬೆಂಗಳೂರಿನ ಕಂಪನಿಗಳ ರಜೆಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಸೇರಿದ ತಿಂಗಳೇ ಮ್ಯಾನೇಜರಿಗೆ ಹೇಳಿ ಪಂಚಮಿಗೆ ರಜೆ ಬರೆದುಹಾಕು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ 60 ದಿನ ಮೊದಲೇ ಟಿಕೆಟ್ ತೆಗೆಯಬಹುದು. ನನ್ನದೂ ಸೇರಿಸಿ ಎರಡು ತೆಗೆ.