ಎಕ್ಕದ ನೆಂಟನಿಗೆ ಜಾಗ ಕೊಡಿ

ಪ್ರಶ್ನೆ: ಆಸ್ಟಿನ್‌ನಲ್ಲಿ ಮನೆ ಕೊಂಡಿದ್ದೇವೆ. ಹಿತ್ತಲಲ್ಲಿ ಬರೀ ಹುಲ್ಲುಹಾಸು. ಚಿಟ್ಟೆ, ಹಕ್ಕಿ ಬರಬೇಕಾದರೆ ಏನು ನೆಡಬೇಕು?

ಉತ್ತರ: ಊರಲ್ಲಿ ಬೇಲಿಯ ಎಕ್ಕದ ಎಲೆ ಮೇಯುವ ಪಟ್ಟೆ ಪಟ್ಟೆ ಹುಳು ನೋಡಿದ್ದೀರಲ್ಲ? ಟೆಕ್ಸಾಸ್‌ನ ಮಿಲ್ಕ್‌ವೀಡ್ ಅದೇ ಎಕ್ಕದ ಬಳಗ. ಮೊನಾರ್ಕ್ ಚಿಟ್ಟೆಯ ಮರಿಹುಳುವಿಗೆ ಅದೇ ಆಹಾರ. ಮಾರ್ಚ್‌ನಲ್ಲಿ ಮೆಕ್ಸಿಕೊದಿಂದ ಬರುವಾಗಲೂ ಅಕ್ಟೋಬರ್‌ನಲ್ಲಿ ಮರಳುವಾಗಲೂ ಮೊನಾರ್ಕ್‌ಗಳು ನಿಮ್ಮೂರನ್ನು ಹಾಯುತ್ತವೆ.

ನರ್ಸರಿಯಲ್ಲಿ ಸುಲಭವಾಗಿ ಸಿಗುವ ಕೆಂಪು-ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಬೇಡ. ಹ್ಯೂಸ್ಟನ್‌ನಂಥ ಕಡೆ ಅದು ಚಳಿಗಾಲದಲ್ಲೂ ಒಣಗದೆ ಉಳಿದು, ಚಿಟ್ಟೆಗಳಿಗೆ ಪರಾವಲಂಬಿ ರೋಗಾಣು ಹರಡಲು ಕಾರಣವಾಗುತ್ತದೆ. ಸ್ಥಳೀಯ ಮಿಲ್ಕ್‌ವೀಡ್‌ಗಳಲ್ಲಿ ನಿಮ್ಮ ಸುಣ್ಣಕಲ್ಲಿನ ನೆಲಕ್ಕೆ ಆ್ಯಂಟಿಲೋಪ್ ಹಾರ್ನ್ಸ್, ಡಲ್ಲಾಸ್‌ನ ಕಪ್ಪು ಜೇಡಿಗೆ ಗ್ರೀನ್ ಮಿಲ್ಕ್‌ವೀಡ್ ಒಗ್ಗುತ್ತವೆ. ಮಕರಂದಕ್ಕೆ ಗ್ರೆಗ್ಸ್ ಮಿಸ್ಟ್‌ಫ್ಲವರ್ ಹಾಕಿ. ನೆರಳಿನಲ್ಲಿ ದಾಸವಾಳದ ಕುಟುಂಬದ ಟರ್ಕ್ಸ್ ಕ್ಯಾಪ್ ನೆಟ್ಟರೆ ಹಮ್ಮಿಂಗ್‌ಬರ್ಡ್ ಬರುತ್ತದೆ.

ಅಕ್ಟೋಬರ್‌ನಲ್ಲಿ ನೆಡಿ, ಬೇಸಿಗೆಯೊಳಗೆ ಬೇರು ಇಳಿದಿರುತ್ತದೆ. ತಟ್ಟೆಯಲ್ಲಿ ನೀರಿಡಿ, ಕೀಟನಾಶಕ ಬೇಡ. ಬಡಾವಣೆಯ ಸಂಘ ತಕರಾರು ತೆಗೆದರೆ ಅಂಜಬೇಡಿ: ಕಡಿಮೆ ನೀರಿನ ತೋಟವನ್ನು ಸಂಘಗಳು ಪೂರ್ತಿ ನಿಷೇಧಿಸುವಂತಿಲ್ಲ ಎನ್ನುತ್ತದೆ 2013ರ ಟೆಕ್ಸಾಸ್ ಕಾನೂನು. ಆದರೂ ನಕ್ಷೆ ತೋರಿಸಿ ಮೊದಲೇ ಒಪ್ಪಿಗೆ ಪಡೆಯಿರಿ.

ಒಂದು ಭಾನುವಾರ ಮಕ್ಕಳೊಂದಿಗೆ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರ್‌ಗೆ ಹೋಗಿಬನ್ನಿ. ಈ ನೆಲದ ಗಿಡಗಳ ಗುರುತು ಅಲ್ಲೇ ಆಗುತ್ತದೆ. ನೆಲದ ಗುರುತಾದರೆ ಪರವೂರೂ ನಮ್ಮೂರೇ.